ಹೊಗೆಯಿಲ್ಲದ ಹುಡುಗರು

ನಮ್ಮೂರಿನ ಮನೆಗಳ ಬಾಗಿಲು ಎತ್ತರ. ಹೊರಗಿನಿಂದ ಬಂದವರು ಇಲ್ಲಿಯ ಜನ ಅಷ್ಟು ಉದ್ದ ಇರಬೇಕು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಸೇದಿದ ಹೊಗೆ ಇಲ್ಲಿ ಸೇದಿದವನನ್ನು ಬಿಟ್ಟು ಹೋಗುವುದಿಲ್ಲ, ಅಷ್ಟೆ. ಬಾಯಿಂದ ಹೊರಬಿದ್ದದ್ದು ಒಂದು ಸುತ್ತು ಸುತ್ತಿ ಅವನ ತಲೆಯ ಮೇಲೆ ನಿಲ್ಲುತ್ತದೆ. ಅವನು ನಡೆದರೆ ನಡೆಯುತ್ತದೆ, ಕೂತರೆ ಇಳಿಯುತ್ತದೆ. ದಿನಕ್ಕೆ ಒಂದೋ ಎರಡೋ ಸೇದುವವನದು ಹಿಂಜಿದ ಹತ್ತಿಯ ಉಂಡೆಯಷ್ಟು. ಮೂವತ್ತು ವರ್ಷ ಬೀಡಿ ಎಳೆದ ಮುದುಕನದು ಕೌದಿಯ ಗಂಟಿನಷ್ಟು. ಗಾಳಿಗೆ ಅಲುಗುವುದಿಲ್ಲ, ಮಳೆಗೆ ತೊಯ್ಯುವುದಿಲ್ಲ. ಬಿಟ್ಟವನದು ಮಾತ್ರ ದಿನದಿನಕ್ಕೆ ತೆಳುವಾಗುತ್ತ ನಲವತ್ತನೆಯ ದಿನಕ್ಕೆ ಇಲ್ಲವಾಗುತ್ತದೆ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಟಾಕೀಸಿನಲ್ಲಿ ಕೊನೆಯ ಮೂರು ಸಾಲು ಸೇದುವವರಿಗೆ, ಇಲ್ಲದಿದ್ದರೆ ಹಿಂದಿನವರಿಗೆ ಪರದೆ ಕಾಣುವುದಿಲ್ಲ. ಕ್ಷೌರದವನು ಎಡಗೈಯಿಂದ ಹೊಗೆಯನ್ನು ಆಚೆ ತಳ್ಳಿ ತಳ್ಳಿ ಬಲಗೈಯಿಂದ ಕತ್ತರಿ ಆಡಿಸುತ್ತಾನೆ. ಹೆಣ್ಣು ನೋಡಲು ಬಂದ ಗಂಡಿಗೆ ಯಾರೂ ಏನೂ ಕೇಳುವುದಿಲ್ಲ, ಅಂಗಳದಲ್ಲಿ ಇಳಿಯುತ್ತಿದ್ದಂತೆ ಎಲ್ಲರೂ ಒಮ್ಮೆ ತಲೆ ಎತ್ತಿ ನೋಡುತ್ತಾರೆ. ತಾಯಂದಿರಂತೂ ಮಕ್ಕಳು ಮನೆಗೆ ಬಂದಾಗ ಮೊದಲು ಮುಖ ನೋಡುವುದಿಲ್ಲ, ಮುಖದ ಮೇಲಿನ ಒಂದು ಗೇಣು ಜಾಗವನ್ನು ನೋಡುತ್ತಾರೆ.

ನಾನು ಕಸ್ತೂರಿ. ಇಲ್ಲಿಯ ಪದವಿ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷದಿಂದ ಅರ್ಥಶಾಸ್ತ್ರ ಕಲಿಸುತ್ತಿದ್ದೇನೆ. ಐದು ವರ್ಷದ ಹಿಂದೆ ನಮ್ಮ ತರಗತಿಗಳ ಸ್ಥಿತಿ ಹೇಗಿತ್ತೆಂದರೆ ಮೂರನೆಯ ಬೆಂಚಿನ ಹಿಂದೆ ಕೂತವರಿಗೆ ಕರಿಹಲಗೆ ಕಾಣುತ್ತಿರಲಿಲ್ಲ. ಹಾಜರಿ ಕರೆದರೆ ಹೊಗೆಯೊಳಗಿನಿಂದ ಬರೇ ದನಿ ಬರುತ್ತಿತ್ತು. ಆಗ ಕಾಲೇಜು ನೋಡಲು ಒಂದು ಸಮಿತಿ ಬರುತ್ತದೆ ಎಂಬ ಪತ್ರ ಬಂತು. ಪ್ರಾಂಶುಪಾಲ ತೋಟಗಂಟಿಯವರು ನನ್ನನ್ನು ಕರೆಸಿದರು.

"ಮೇಡಂ, ಹುಡುಗರಿಗೆ ತಂಬಾಕು ಬಿಡಿಸೋ ತರಬೇತಿ ಅಂತ ಹತ್ತು ದಿನದ್ದು ಐತಿ. ಯಾರೂ ಹೋಗಾಕ ಒಲ್ಲೆ ಅಂತಾರ. ನೀವು ಹೋಗ್ರಿ. ನಿಮಗ ತಾಳ್ಮಿ ಐತಿ."

ಹೋದೆ. ಅಲ್ಲಿ ಕಲಿಸಿದ ವಯಸ್ಸಾದ ಹೆಂಗಸು ಮೊದಲ ದಿನವೇ ಹೇಳಿದಳು: ತಂಬಾಕು ಕೆಟ್ಟದ್ದು ಅಂತ ಹುಡುಗರಿಗೆ ಹೇಳಬೇಡಿ, ಅದು ಅವರಿಗೆ ಗೊತ್ತು, ಅವರಿಗೆ ಗೊತ್ತಿಲ್ಲದ್ದು ಬಿಡುವುದು ಹೇಗೆ ಎಂಬುದು. ಈಜು ಕಲಿಸಿದ ಹಾಗೆ ಕಲಿಸಬೇಕು. ಗೆಳೆಯ ಕೊಟ್ಟಾಗ ಬೇಡ ಅನ್ನುವುದು, ಸ್ನೇಹ ಕೆಡದ ಹಾಗೆ ಅನ್ನುವುದು. ಆಸೆ ಎದ್ದಾಗ ಐದು ನಿಮಿಷ ತಡೆಯುವುದು, ನೀರನ್ನು ಗುಟುಕು ಗುಟುಕಾಗಿ ಕುಡಿಯುವುದು, ಉಸಿರು ಎಣಿಸುವುದು. ಯಾವ ಹೊತ್ತಿಗೆ, ಯಾರ ಜೊತೆಗೆ, ಯಾವ ಬೇಸರಕ್ಕೆ ಕೈ ಜೇಬಿಗೆ ಹೋಗುತ್ತದೆ ಅಂತ ಬರೆದಿಡುವುದು. ಒಮ್ಮೆ ಜಾರಿದರೆ ಮರುದಿನ ಮತ್ತೆ ಎದ್ದು ನಿಲ್ಲುವುದು. ಹನ್ನೆರಡು ಅಧ್ಯಾಯದ ದಪ್ಪ ಪುಸ್ತಕವೊಂದನ್ನು ಕೊಟ್ಟು ಕಳಿಸಿದರು. ನನಗೆ ನಿಜಕ್ಕೂ ಉತ್ಸಾಹ ಬಂದಿತ್ತು. ಅಷ್ಟು ವರ್ಷ ಬೇಡಿಕೆ ಪೂರೈಕೆ ಅಂತ ಒದರಿದವಳಿಗೆ ಮೊದಲ ಸಲ ಕೈಗೆ ಹತ್ತುವ ಕೆಲಸವೊಂದು ಸಿಕ್ಕಿತ್ತು.

ಬುಧವಾರ ಮತ್ತು ಶನಿವಾರ ಕೊನೆಯ ಪೀರಿಯಡ್‌ನಲ್ಲಿ ಹನ್ನೊಂದನೆಯ ನಂಬರಿನ ಕೋಣೆಯಲ್ಲಿ ತರಗತಿ ಶುರುವಾಯಿತು. ಮೂವತ್ತೆರಡು ಜನ ಬಂದರು. ಅವರಲ್ಲಿ ಒಬ್ಬ ಫಕ್ಕೀರೇಶ. ಬಿ.ಕಾಂ ಮೊದಲ ವರ್ಷ, ತೆಳ್ಳಗಿನ ಹುಡುಗ, ನಕ್ಕರೆ ಎಡಗೆನ್ನೆಯಲ್ಲಿ ಕುಳಿ ಬೀಳುತ್ತಿತ್ತು. ಅವನು ಸಣ್ಣವನಿದ್ದಾಗಲೇ ತಂದೆ ತೀರಿಕೊಂಡಿದ್ದರು. ತಾಯಿ ನೀಲವ್ವ ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಗೆ ರೊಟ್ಟಿ ಬಡಿಯುತ್ತಿದ್ದಳು. ಅವನ ತಲೆಯ ಮೇಲಿನ ಹೊಗೆ ಒಂದು ಬೋಗುಣಿಯಷ್ಟಿತ್ತು. ಅದನ್ನು ಕಂಡು ತಾಯಿ ಏನೂ ಬೈಯುವುದಿಲ್ಲವಂತೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಮೇಲೆ ನೋಡುತ್ತಾಳೆ, ಮತ್ತೆ ಬಡಿಯಲು ಶುರು ಮಾಡುತ್ತಾಳೆ. "ಬೈದ್ರ ಛಲೋ ಇತ್ರಿ ಮೇಡಂ," ಅಂದಿದ್ದ.

ಬೇಡ ಅನ್ನುವ ಪಾಠವನ್ನು ನಾಟಕದ ಹಾಗೆ ಆಡಿಸಬೇಕಿತ್ತು. ಫಕ್ಕೀರೇಶನ ಎದುರಿಗೆ ಅವನ ಓಣಿಯವನೇ ಆದ ದಾವಲನನ್ನು ನಿಲ್ಲಿಸಿದೆ. ದಾವಲ ಇಲ್ಲದ ಸಿಗರೇಟನ್ನು ಎರಡು ಬೆರಳಲ್ಲಿ ಹಿಡಿದು ಮುಂದೆ ಚಾಚಿದ.

"ಒಂದ ದಮ್ ಹೊಡಿಯಲೇ, ಏನಾಕೈತಿ?"

"ಬ್ಯಾಡೋ."

"ಯಾಕ, ಮೇಡಂ ಬೈತಾರಂತ ಅಂಜಿಯೇನು?"

"ಮೇಡಂ ಬೈದ್ರ ಒಂದ ದಿನ ಬೈತಾರ. ನಮ್ಮವ್ವ ದಿನಾ ನೋಡ್ತಾಳ. ಬ್ಯಾಡಂದ್ರ ಬ್ಯಾಡ. ಬಾ, ಚಾ ಕುಡಿಯೂಣು. ನಿನ್ನ ಜೋಡಿ ಕುಂದ್ರಾಕ ನನಗ ಸಿಗರೇಟ ಬೇಕೇನು?"

ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಪುಸ್ತಕದಲ್ಲಿದ್ದದ್ದಕ್ಕಿಂತ ಚೆನ್ನಾಗಿತ್ತು ಅದು. ಬೇಡ ಅಂದ, ಕಾರಣ ಹೇಳಿದ, ಬದಲಿಗೆ ಇನ್ನೊಂದನ್ನು ಕೊಟ್ಟ, ಗೆಳೆಯನ ಹೆಗಲ ಮೇಲೆ ಕೈಯನ್ನೂ ಹಾಕಿದ. ಅವತ್ತಿನಿಂದ ನನಗೆ ಅವನ ಮೇಲೆ ಒಂದು ಸಲಿಗೆ, ಒಂದು ಹೆಮ್ಮೆ.

ನಲವತ್ತೊಂದನೆಯ ದಿನ ಅವನು ಬರಿದಾದ ತಲೆಯೊಂದಿಗೆ ತರಗತಿಗೆ ಬಂದ. ಆ ಸಂಜೆ ನೀಲವ್ವ ನಮ್ಮ ಮನೆಯ ಮೆಟ್ಟಿಲ ಹತ್ತಿರ ನಿಂತಿದ್ದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಇಪ್ಪತ್ತು ಬಿಸಿ ರೊಟ್ಟಿ, ಶೇಂಗಾ ಚಟ್ನಿ. ಒಳಗೆ ಬಾ ಅಂದರೂ ಬರಲಿಲ್ಲ. "ಅವನ ಮುಖ ನೋಡಿದ್ನಿರೀ ಇವತ್ತ," ಅಂದಳು. "ಎರಡು ವರ್ಷ ಆಗಿತ್ರಿ, ಮುಖ ನೋಡಿದ್ದಿಲ್ಲ. ಮ್ಯಾಲಿಂದ ನೋಡೂದ ಆಗಿತ್ತು." ಸೆರಗಿನಿಂದ ಕಣ್ಣು ಒರೆಸಿಕೊಂಡು ಹೋದಳು. ನಾನು ಒಬ್ಬಳೇ ಕೂತು ಮೂರು ರೊಟ್ಟಿ ತಿಂದೆ. ಅಷ್ಟು ರುಚಿಯ ಊಟ ಅದಕ್ಕಿಂತ ಮೊದಲು ಮಾಡಿರಲಿಲ್ಲ.

ಇನ್ನು ಮುಂದಿನದನ್ನು ಹೇಳುವುದು ಕಷ್ಟ, ಆದರೆ ಹೇಳಬೇಕು. ಎಂಟು ಅಧ್ಯಾಯ ಮುಗಿದಿದ್ದವು. ಸಮಿತಿ ಒಂದು ತಿಂಗಳು ಮೊದಲೇ ಬರುತ್ತದೆ ಎಂಬ ಸುದ್ದಿ ಬಂತು. ಒಂಬತ್ತನೆಯ ಅಧ್ಯಾಯ ಜಗಿಯುವ ತಂಬಾಕಿನದು, ಗುಟ್ಕಾ, ಕಡ್ಡಿಪುಡಿ, ಸುಣ್ಣ ತಿಕ್ಕಿ ತುಟಿಯಲ್ಲಿಡುವುದು ಎಲ್ಲ. ಅದಕ್ಕೆ ಆರು ತರಗತಿ ಬೇಕು ಅಂತ ಪುಸ್ತಕದ ಪರಿವಿಡಿ ಹೇಳುತ್ತಿತ್ತು. ತೋಟಗಂಟಿಯವರಲ್ಲಿ ಕೇಳಿದೆ.

"ಅದು ಯಾರಿಗೆ ಕಾಣ್ತೈತ್ರಿ ಮೇಡಂ?" ಅಂದರು. "ಮೊದಲ ಕಾಣೂದ ತೆಗೀರಿ. ಕಾಣದ್ದು ಮುಂದಿನ ವರ್ಷ ನೋಡೂಣು."

ನಾನು ಒಪ್ಪಿದೆ. ಅವರು ಒಪ್ಪಿಸಿದರು ಅಂತ ನಾನು ಎಲ್ಲಿಯೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ನನಗೂ ಅದೇ ಬೇಕಾಗಿತ್ತು. ಮೂವತ್ತೆರಡು ತಲೆಗಳಲ್ಲಿ ಇಪ್ಪತ್ತಾರು ಬರಿದಾಗಿದ್ದವು. ಉಳಿದ ಆರನ್ನು ಬರಿದು ಮಾಡುವ ಹಂಬಲದಲ್ಲಿ ಒಂಬತ್ತನೆಯ ಅಧ್ಯಾಯದ ಹಾಳೆಗಳನ್ನು ಬಿಡಿಸಿಯೂ ನೋಡದೆ ಹತ್ತನೆಯದಕ್ಕೆ ಹೋದೆ.

ಸಮಿತಿಯವರು ಬಂದಾಗ ಹಿಂದಿನ ಬೆಂಚಿನಿಂದ ಕರಿಹಲಗೆ ಕಂಡಿತು. ಅವರು ಛಾವಣಿಯನ್ನು ನೋಡಿ ತಲೆದೂಗಿದರು. ಗೇಟಿನ ಪಕ್ಕದಲ್ಲಿ 'ತಂಬಾಕು ಮುಕ್ತ ಆವರಣ' ಅಂತ ಹಿತ್ತಾಳೆಯ ಬೋರ್ಡು ಬಂತು. ಮುಂದಿನ ವರ್ಷ ಹೊಸ ಹುಡುಗರು ಬಂದರು, ಮತ್ತೆ ಮೊದಲಿನಿಂದ ಪಾಠ, ಮತ್ತೆ ಒಂಬತ್ತನೆಯದು ಉಳಿಯಿತು. ಫಕ್ಕೀರೇಶ ಈಗ ನನ್ನ ಜೊತೆ ನಿಂತು ಕಲಿಸುತ್ತಿದ್ದ. ಎಂಥ ಮೊಂಡ ಹುಡುಗನನ್ನೂ ನಗಿಸಿ ದಾರಿಗೆ ತರುತ್ತಿದ್ದ. ಯಾರಾದರೂ ಮರಳಿ ಸೇದಿ ಸಣ್ಣ ಹೊಗೆ ಹೊತ್ತು ತಲೆ ತಗ್ಗಿಸಿ ಬಂದರೆ ಪಕ್ಕಕ್ಕೆ ಕರೆದೊಯ್ದು ಮಾತಾಡಿಸುತ್ತಿದ್ದ. ನಾನು ಪ್ರತಿ ತರಗತಿಯಲ್ಲೂ ಅವನನ್ನು ತೋರಿಸಿ, "ಇವನನ್ನ ನೋಡಿ ಕಲೀರಿ," ಅನ್ನುತ್ತಿದ್ದೆ.

ಕಾಣುವುದಕ್ಕೆ ಏನೂ ಕಡಿಮೆ ಇರಲಿಲ್ಲ. ಕಾಲೇಜಿನ ಎದುರಿನ ಡಬ್ಬಿ ಅಂಗಡಿಯಲ್ಲಿ ಸಿಗರೇಟಿನ ಪೆಟ್ಟಿಗೆಗಳು ಒಳಗೆ ಸರಿದು ಮುಂದೆ ಗುಟ್ಕಾ ಪಾಕೀಟುಗಳ ಸರ ಮಾಲೆಯ ಹಾಗೆ ಇಳಿಬಿದ್ದಿದ್ದವು. ದಿನಾ ಅದರ ಕೆಳಗಿನಿಂದಲೇ ನಡೆದು ಬರುತ್ತಿದ್ದೆ. ಕಂಪೌಂಡಿನ ಗೋಡೆಯ ಮೂಲೆಗಳು ಕೆಂಪಾದವು, ವರ್ಷಕ್ಕೆರಡು ಸಲ ಸುಣ್ಣ ಬಳಿಸಿದೆವು. ಕಸ ಗುಡಿಸುವ ಯಮನವ್ವ ಒಮ್ಮೆ, "ಬಾಯಾರ, ಕಸಬರಿಗಿ ತುಂಬ ಬರೇ ಇದ ಬರ್ತೈತ್ರಿ," ಅಂತ ಹಿಡಿ ತುಂಬ ಹರಿದ ಪಾಕೀಟು ತಂದು ತೋರಿಸಿದಳು. ಇನ್ನೊಂದು ಕಸದ ಡಬ್ಬಿ ಇಡಿಸುತ್ತೇನೆ ಅಂದೆ. ಇಡಿಸಿದೆ ಕೂಡ. ನಾನು ಕುರುಡಿಯಾಗಿರಲಿಲ್ಲ. ನಮ್ಮೂರಿನವರೆಲ್ಲರ ಹಾಗೆ ನನ್ನ ಕಣ್ಣು ತಲೆಯ ಮೇಲಿನ ಜಾಗಕ್ಕೆ ಒಗ್ಗಿಹೋಗಿತ್ತು.

ಫಕ್ಕೀರೇಶ ಎರಡನೆಯ ವರ್ಷದಲ್ಲಿದ್ದಾಗ ನೀಲವ್ವ ಸಂತೆಯಲ್ಲಿ ಸಿಕ್ಕಳು. "ನಿಮ್ಮ ಕ್ಲಾಸಿನ ಗುಣಾರೀ ಮೇಡಂ," ಅಂದಳು. "ಈಗ ಖಾರಾನೂ ಬಿಟ್ಟಾನ. ಮೊದಲ ರಂಜಕ ಇಲ್ಲದ ರೊಟ್ಟಿ ಮುಟ್ಟತಿರಲಿಲ್ಲ. ಈಗ ಹಾಲಿನ್ಯಾಗ ಮುರದು ನೆನೆಸಿ ಉಣತಾನ, ಕೂಸಿನಂಗ."

ನಾನು ಅದನ್ನು ವರ್ಷದ ವರದಿಯಲ್ಲಿ ಬರೆದೆ. ತರಬೇತಿ ಪಡೆದ ವಿದ್ಯಾರ್ಥಿಗಳಲ್ಲಿ ಆಹಾರದ ವಿಷಯದಲ್ಲಿಯೂ ಸಂಯಮ ಕಂಡುಬಂದಿದೆ ಅಂತ. ಆ ವಾಕ್ಯ ನನ್ನ ಕೈಬರಹದಲ್ಲಿ ಇವತ್ತಿಗೂ ಕಾಲೇಜಿನ ಕಪಾಟಿನಲ್ಲಿದೆ.

ಅವನು ಕೊನೆಯ ವರ್ಷಕ್ಕೆ ಬಂದಾಗ ಜಿಲ್ಲೆಯಿಂದ ಹಲ್ಲಿನ ಡಾಕ್ಟರುಗಳ ಶಿಬಿರವೊಂದು ಬಂತು. ಅಫ್ರೀನ್ ಎಂಬ ತರುಣಿ ಡಾಕ್ಟರು, ಅವಳ ಜೊತೆ ಇಬ್ಬರು. ಹುಡುಗರನ್ನು ಸಾಲಾಗಿ ನಿಲ್ಲಿಸುವ ಕೆಲಸ ಫಕ್ಕೀರೇಶನೇ ವಹಿಸಿಕೊಂಡ. ಡಾಕ್ಟರು ಬ್ಯಾಟರಿ, ಕನ್ನಡಿ ತೆಗೆಯುವ ಮೊದಲು ಎಲ್ಲರಿಗೂ ಒಂದೇ ಮಾತು ಹೇಳಿದಳು. "ಬಾಯಿ ತೆರೆದು ನಿಮ್ಮ ಮೂರು ಬೆರಳು ನೆಟ್ಟಗೆ ಒಂದರ ಮೇಲೊಂದು ಒಳಗಿಡಿ."

ಹುಡುಗಿಯರು ನಕ್ಕು ಇಟ್ಟುಕೊಂಡರು. ಹುಡುಗರ ಸಾಲಿನಲ್ಲಿ ಮೊದಲನೆಯವನು ಎರಡು ಬೆರಳಿಗೆ ನಿಂತ. ಎರಡನೆಯವನದೂ ಅಷ್ಟೆ. ಮೂರನೆಯವನು ಮೂರನ್ನೂ ತುರುಕಲು ನೋಡಿ ಕಣ್ಣಲ್ಲಿ ನೀರು ತಂದುಕೊಂಡ. ಡಾಕ್ಟರು ಒಂದು ಸಲ ನನ್ನ ಕಡೆ ನೋಡಿದಳು. ನಾನು ಹಿತ್ತಾಳೆಯ ಬೋರ್ಡಿನ ಫೋಟೋ ಇದ್ದ ಕಾಗದಗಳನ್ನು ಅವಳಿಗೆ ತೋರಿಸಲೆಂದು ಕೈಯಲ್ಲಿ ಹಿಡಿದುಕೊಂಡಿದ್ದೆ. ಸಾಲು ಮುಂದುವರಿಯಿತು. ತಲೆಯ ಮೇಲೆ ಎಳೆ ಹೊಗೆಯೂ ಇಲ್ಲದ ಹುಡುಗರು, ನಾನು ಬಿಡಿಸಿದ ಹುಡುಗರು, ಒಬ್ಬೊಬ್ಬರಾಗಿ ಬಂದು ಎರಡು ಬೆರಳಿಗೆ ನಿಲ್ಲುತ್ತಿದ್ದರು. ದಾವಲನ ಬಾಯಿಗೆ ಎರಡೂ ಸರಿಯಾಗಿ ಹೋಗಲಿಲ್ಲ.

ಕೊನೆಗೆ ಡಾಕ್ಟರು, "ಸಾಲು ಹಚ್ಚಿದೋರು ಬರ್ಲಿಲ್ಲಲ್ಲ," ಅಂದಳು. ಫಕ್ಕೀರೇಶ ಕುರ್ಚಿಗಳನ್ನು ಜೋಡಿಸುತ್ತಿದ್ದ. ತನಗೇನೂ ತೊಂದರೆ ಇಲ್ಲ ಅಂದ. ನಾನೇ ಅವನ ತೋಳು ಹಿಡಿದು ಕರೆತಂದೆ. ಅವನು ನನ್ನ ಮುಖ ನೋಡಿದ, ಆಮೇಲೆ ಬಾಯಿ ತೆರೆದ. ಒಂದು ಬೆರಳು ಹೋಯಿತು. ಒಂದೇ. ಡಾಕ್ಟರು ಬ್ಯಾಟರಿಯ ಬೆಳಕು ಬಿಟ್ಟು ಬಗ್ಗಿ ನೋಡಿದಳು, ಬಹಳ ಹೊತ್ತು ನೋಡಿದಳು. ಎಡಗೆನ್ನೆಯ ಒಳಗೆ, ಕುಳಿ ಬೀಳುತ್ತಿದ್ದ ಆ ಜಾಗದಲ್ಲಿ, ಬಿಳಿಚಿಕೊಂಡ ಚರ್ಮದ ನಡುವೆ ಅಂಚು ಗಟ್ಟಿಯಾದ ಒಂದು ಹುಣ್ಣಿತ್ತು.

"ಇದು ಎಷ್ಟು ದಿನದ್ದು?" ಅಂತ ಕೇಳಿದಳು.

"ನಾಕ ತಿಂಗಳಾತ್ರಿ. ಮಾಯಲಿಲ್ರಿ," ಅಂದ.

ಆಮೇಲೆ ಅವನನ್ನು ಹನ್ನೊಂದನೆಯ ನಂಬರಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದೆ. ಬೈಯಬೇಕು ಅಂತಲೇ ಹೋದವಳು. ಬಾಯಿಗೆ ಬಂದದ್ದು ಒಂದೇ ಮಾತು.

"ಯಾವಾಗಿಂದ?"

"ಪಿಯುಸಿಯಿಂದ್ರೀ. ಆಗ ದಿನಕ್ಕ ಒಂದೋ ಎರಡೋ ಪಾಕೀಟ. ಸಿಗರೇಟ ಬಿಟ್ಟ ಮ್ಯಾಲ ಹೆಚ್ಚಾತು. ಈಗ ಹದಿನೆಂಟು, ಇಪ್ಪತ್ತು."

"ಮತ್ತ ಇಲ್ಲೇ ನಿಂತು ಎಲ್ಲಾರಿಗೂ ಪಾಠ ಹೇಳತಿದ್ದೆಲ್ಲೋ?"

"ಸುಳ್ಳ ಹೇಳಿಲ್ರಿ ಮೇಡಂ. ಸಿಗರೇಟ ಮುಟ್ಟೇ ಇಲ್ಲ. ಅವ್ವನ ಆಣಿ." ಅವನು ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. "ಇದನ್ನೂ ಬಿಡಾಕ ನೋಡಿದ್ನಿರೀ. ನೀವು ಕಲಿಸಿದ್ದೆಲ್ಲಾ ಮಾಡಿದೆ. ಐದು ನಿಮಿಷ ತಡಿ, ನೀರ ಕುಡಿ, ಉಸಿರ ಎಣಿಸು. ಅದರ ಮ್ಯಾಲ ನಿಮ್ಮ ಕ್ಲಾಸ್ ಮುಗಿಯೂತನಕ ತಡೀತಿದ್ದೆ. ಒಂದ ತಾಸ ಬರ್ತಿತ್ತು. ಅದರ ಮುಂದ ಏನ ಮಾಡಬೇಕಂತ ತಿಳೀಲಿಲ್ಲ."

"ನನ್ನ ಕೇಳಬೇಕಿತ್ತಲ್ಲ."

"ಹೆಂಗ ಕೇಳ್ಲಿ? ನೀವು ಎಲ್ಲಾರ ಮುಂದ ನನ್ನ ಹೆಸರ ಹೇಳತಿದ್ರಿ."

ಅವನ ಎದುರಿನ ಬೆಂಚಿನಲ್ಲಿ ಕೂತೆ. ಹೊರಗೆ ಶಿಬಿರದ ಮೇಜು ಎತ್ತುವ ಸದ್ದು. ಅವನೇ, "ಅವ್ವಗ ಹೇಳಬ್ಯಾಡ್ರಿ," ಅಂದ. "ಆಕಿ ಮ್ಯಾಲ ನೋಡ್ತಾಳ, ನಗತಾಳ. ಮೂರ ವರ್ಷ ನಕ್ಕಾಳ."

ಆ ಸಂಜೆ ಒಂಬತ್ತನೆಯ ಅಧ್ಯಾಯ ತೆರೆದೆ. ಅಚ್ಚಿನ ಮನೆಯಿಂದ ಬಂದ ಹಾಗೆಯೇ ಹಾಳೆಗಳು ಒಂದಕ್ಕೊಂದು ಅಂಟಿದ್ದವು, ಚಾಕುವಿನಿಂದ ಬಿಡಿಸಿದೆ. ಮೊದಲ ಪುಟದಲ್ಲೇ ಇತ್ತು. ಖಾರ ತಿಂದರೆ ಬಾಯಿ ಉರಿಯುವುದು ಮೊದಲ ಲಕ್ಷಣ. ರೋಗಿ ಮೆತ್ತಗಿನ, ಸಪ್ಪೆಯ ಆಹಾರಕ್ಕೆ ಇಳಿಯುತ್ತಾನೆ. ಮೂರು ಬೆರಳು ಹೋಗದಿದ್ದರೆ ತಡಮಾಡದೆ ತೋರಿಸಬೇಕು. ಆ ಹಂತದಲ್ಲಿ ಬಿಟ್ಟರೆ ಇನ್ನೂ ಕೆಡುವುದು ನಿಲ್ಲುತ್ತದೆ. ಅದರ ಕೆಳಗೆ ಬಿಡಿಸುವ ಬಗೆ, ಒಂದೊಂದೇ ದಿನ, ಒಂದೊಂದೇ ಪಾಕೀಟು, ಬಾಯಿಗೆ ಬದಲಿ ಏನು ಕೊಡಬೇಕು, ಮೊದಲ ತಾಸಿನ ನಂತರದ ಎರಡನೆಯ ತಾಸನ್ನು ಹೇಗೆ ದಾಟಬೇಕು ಎಲ್ಲ. ಎರಡನೆಯ ತಾಸಿಗೆ ಒಂದು ಇಡೀ ಪುಟ ಇತ್ತು.

ನೀಲವ್ವನಿಗೆ ಹೇಳದೆ ದಾರಿ ಇರಲಿಲ್ಲ, ನಾನೇ ಹೇಳಿದೆ. ದೊಡ್ಡ ಆಸ್ಪತ್ರೆಗೆ ನಾನೂ ಅವಳೂ ಅವನನ್ನು ಕರೆದುಕೊಂಡು ಹೋದೆವು. ಆ ಊರಿನಲ್ಲಿ ಹೊಗೆ ಎಲ್ಲ ಕಡೆಯಂತೆ ಗಾಳಿಯಲ್ಲಿ ಕರಗಿಹೋಗುತ್ತಿತ್ತು. ನೀಲವ್ವ ಅದನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬೆರಗಿನಿಂದ ನೋಡಿದಳು. ಡಾಕ್ಟರುಗಳು ತುಣುಕು ತೆಗೆದು ಪರೀಕ್ಷೆ ಮಾಡಿದರು, ಹತ್ತು ದಿನದಲ್ಲಿ ರೋಗದ ಹೆಸರು ಹೇಳಿದರು. ಎಡಗಡೆಯ ದವಡೆ, ಕೆನ್ನೆ, ನಾಲಿಗೆಯ ಒಂದು ಭಾಗ ತೆಗೆದರು. ಎದೆಯ ಮಾಂಸ ತಂದು ಕೆನ್ನೆಗೆ ಮುಚ್ಚಿದರು. ಎಚ್ಚರವಾದ ಮೇಲೆ ಅವನು ಕನ್ನಡಿ ಕೇಳಿದ, ಕೈಸನ್ನೆಯಲ್ಲಿ. ನಾವು ಕೊಡಲಿಲ್ಲ. ಕಿಟಕಿಯ ಗಾಜಿನಲ್ಲಿ ನೋಡಿಕೊಂಡ.

ನೀಲವ್ವ ಖಾನಾವಳಿ ಬಿಟ್ಟಳು. ಅವನಿಗೆ ಮೂಗಿನ ನಳಿಗೆಯಲ್ಲಿ ಗಂಜಿ, ಹಾಲು ಹಾಕುವುದನ್ನು ನರ್ಸ್ ಒಬ್ಬಳಿಂದ ಕಲಿತಳು. ಊರಿಗೆ ಬಂದ ಮೇಲೆ ನಾನು ವಾರಕ್ಕೆರಡು ಸಲ ಹೋಗುತ್ತಿದ್ದೆ. ಅವನು ಹಾಳೆಯಲ್ಲಿ ಬರೆದು ಮಾತಾಡುತ್ತಿದ್ದ. ಮೊದಮೊದಲು ಪರೀಕ್ಷೆಯ ಬಗ್ಗೆ, ಮುಂದಿನ ಬ್ಯಾಚಿನ ಬಗ್ಗೆ ಬರೆಯುತ್ತಿದ್ದ. ಒಂದು ದಿನ, 'ಇನ್ನೂ ಬೇಕನ್ನಿಸುತ್ತೆ ಮೇಡಂ, ಬಾಯಿ ಇಲ್ಲದಿದ್ದರೂ' ಅಂತ ಬರೆದು, ನಾನು ಓದಿದ ಮೇಲೆ ಆ ಹಾಳೆಯನ್ನು ಹರಿದು ಮಡಚಿ ದಿಂಬಿನ ಕೆಳಗಿಟ್ಟ. ನಾಲ್ಕನೆಯ ತಿಂಗಳಲ್ಲಿ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಏಳನೆಯ ತಿಂಗಳಲ್ಲಿ, ಒಂದು ಗುರುವಾರ ಮಧ್ಯಾಹ್ನ, ತಾಯಿ ಹಾಲು ಕಾಯಿಸಲು ಒಳಗೆ ಹೋಗಿದ್ದಾಗ ತೀರಿಕೊಂಡ. ಇಪ್ಪತ್ತೆರಡು ತುಂಬಿರಲಿಲ್ಲ.

ಮೂರನೆಯ ದಿನ ಹೋದಾಗ ನೀಲವ್ವ ಗೋಡೆಗೆ ಒರಗಿ ಕೂತಿದ್ದಳು. ಅಳುತ್ತಿರಲಿಲ್ಲ. ಪಕ್ಕದಲ್ಲಿ ಕೂತೆ. ಓಣಿಯ ಹೆಂಗಸರು ಎದ್ದು ಹೋದ ಮೇಲೆ ಮೆಲ್ಲಗೆ ಕೇಳಿದಳು.

"ಮೇಡಂ, ನಾನು ಒಂದ ಮಾತ ಅಂದ್ರ ಸಿಟ್ಟ ಮಾಡಬ್ಯಾಡ್ರಿ."

"ಇಲ್ಲವ್ವಾ, ಹೇಳು."

"ನೀವ ಅವಗ ಸಿಗರೇಟ ಬಿಡಿಸಬಾರದಿತ್ರಿ. ಹೊಗಿ ಇದ್ದಿದ್ರ ನನಗ ಕಾಣತಿತ್ತು. ಕಂಡಿದ್ರ ಏನರೆ ಮಾಡತಿದ್ನಿ. ಬಡಿತಿದ್ನಿ, ಕಟ್ಟಿ ಹಾಕತಿದ್ನಿ. ಬಾಯಾಗ ಇಟಕೊಂಡದ್ದು ನನಗ ಹೆಂಗ ಕಾಣಬೇಕ್ರಿ?"

ಅವಳು ಹೇಳಿದ್ದು ಸರಿಯಲ್ಲ. ಸಿಗರೇಟೂ ಕೊಲ್ಲುತ್ತದೆ, ಅದನ್ನು ನಾನು ಅಂಕಿಗಳ ಸಮೇತ ಹೇಳಬಲ್ಲೆ. ಅದನ್ನು ಬಿಟ್ಟು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಬೆರಳುಗಳು ಹಿಟ್ಟಿಲ್ಲದೆ ಒಣಗಿ ಒರಟಾಗಿದ್ದವು.

ತೋಟಗಂಟಿಯವರ ಹತ್ತಿರ ಹೋಗಿ ಒಂಬತ್ತನೆಯ ಅಧ್ಯಾಯವನ್ನು ಮೊದಲ ಪಾಠ ಮಾಡಬೇಕು, ಗೇಟಿನ ಬೋರ್ಡು ಇಳಿಸಬೇಕು ಅಂದೆ. ಅವರು ಕೆಟ್ಟ ಮನುಷ್ಯರಲ್ಲ, ಫಕ್ಕೀರೇಶನ ಮಣ್ಣಿಗೆ ಬಂದು ಬಿಸಿಲಿನಲ್ಲಿ ಕೊನೆಯವರೆಗೂ ನಿಂತಿದ್ದರು. ಕನ್ನಡಕ ತೆಗೆದು ಒರೆಸಿದರು.

"ಕೋಣಿ ತಗೋರಿ, ಕಾಲೇಜು ಬಿಟ್ಟ ಮ್ಯಾಲ ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಬೋರ್ಡಿಗೆ ಕೈ ಹಚ್ಚಬ್ಯಾಡ್ರಿ. ಇಳಿಸಿದ್ರ ಯಾಕ ಇಳಿಸಿದ್ರಿ ಅಂತ ಕೇಳ್ತಾರ. ಏನಂತ ಹೇಳೂದು? ನೀವ ನೋಡ್ರಿ, ಒಬ್ಬರ ತೆಲಿ ಮ್ಯಾಲರೆ ಹೊಗಿ ಐತೇನು?"

ಇರಲಿಲ್ಲ. ಕಿಟಕಿಯಿಂದ ನೋಡಿದರೆ ಮೈದಾನದ ತುಂಬ ಹುಡುಗರು, ಅವರ ಮೇಲೆ ಶುಭ್ರವಾದ ಆಕಾಶ.

ಮೊದಲ ಬುಧವಾರ ಏಳು ಜನ ಬಂದರು. ಮೂರು ಬೆರಳು ಇಟ್ಟು ನೋಡಿರಿ ಅಂದೆ. ನಕ್ಕರು, ನೋಡಿದರು, ನಗು ನಿಲ್ಲಿಸಿದರು. ಎರಡನೆಯ ಬುಧವಾರ ನಾಲ್ವರು. ಬಾಯಲ್ಲಿದ್ದದ್ದನ್ನು ಉಗುಳಿ ಬನ್ನಿ ಅಂದೆ. ಮೂವರು ಎದ್ದು ಹೊರಗೆ ಹೋದವರು ಆ ಕಡೆಯಿಂದ ಆ ಕಡೆಗೇ ಹೋದರು. ಮೂರನೆಯ ಬುಧವಾರ ಯಾರೂ ಬರಲಿಲ್ಲ. ಮನೆಗಳಿಗೆ ಹೋದೆ. ತಾಯಂದಿರು ಚಹಾ ಕೊಟ್ಟರು, ಮಕ್ಕಳ ತಲೆಯ ಮೇಲೆ ಕೈಯಾಡಿಸಿ, "ನಮ್ಮ ಹುಡುಗಗ ಏನೂ ಚಟ ಇಲ್ರಿ, ನೀವ ನೋಡ್ರಿ," ಅಂದರು. ಹುಡುಗರು ನೆಲ ನೋಡುತ್ತ ನಿಂತಿದ್ದರು.

ದಾವಲ ಎರಡು ವಿಷಯ ಉಳಿಸಿಕೊಂಡು ಇನ್ನೂ ಕಾಲೇಜಿಗೆ ಬರುತ್ತಿದ್ದ. ಫಕ್ಕೀರೇಶನಿಗೆ ಮೊದಲ ಪಾಕೀಟು ಹರಿದು ಕೊಟ್ಟವನು ತಾನೇ ಅಂತ ಅವನೇ ನನಗೆ ಹೇಳಿದ್ದು, ಮಣ್ಣು ಮಾಡಿ ಮರಳುವಾಗ, ದಾರಿಯಲ್ಲಿ ನಿಂತು. ಹೇಳಿ ಗೋಡೆಗೆ ಹಣೆ ಹಚ್ಚಿ ಅತ್ತಿದ್ದ. "ಬಿಡತೀನ್ರಿ ಮೇಡಂ, ಇವತ್ತಿಂದ," ಅಂದಿದ್ದ.

ನಾಲ್ಕನೆಯ ಬುಧವಾರ ಅವನೊಬ್ಬನೇ ಬಂದ. ಮುಂದಿನ ಬೆಂಚಿನಲ್ಲಿ ಕೂತ. "ಹೆಂಗದಿ?" ಅಂತ ಕೇಳಿದೆ. ತಲೆಯಾಡಿಸಿದ. "ಅವ್ವ ಆರಾಮ ಅದಾಳೇನು?" ಮತ್ತೆ ತಲೆಯಾಡಿಸಿದ. ಬಲಗೆನ್ನೆ ಒಂದಿಷ್ಟು ಉಬ್ಬಿತ್ತು. ಅಡಿಕೆಯ, ಸುಗಂಧದ ಆ ವಾಸನೆ ಮೇಜು ದಾಟಿ ನನ್ನವರೆಗೂ ಬರುತ್ತಿತ್ತು. ನನಗೆ ತಿಳಿದಿದೆ ಅಂತ ಅವನಿಗೆ ತಿಳಿದಿತ್ತು. ಉಗುಳಿ ಬಾ ಅಂದರೆ ಹೊರಗೆ ಹೋಗುತ್ತಾನೆ, ಹೋದವನು ಮತ್ತೆ ಬರುವುದಿಲ್ಲ.

ನಾನು ಎದ್ದು ಸೀಮೆಸುಣ್ಣ ತೆಗೆದುಕೊಂಡು ಕರಿಹಲಗೆಯ ಮೇಲೆ 'ಎರಡನೆಯ ತಾಸು' ಅಂತ ಬರೆದೆ. ಹಿಂದೆ ನೋಟ್‌ಬುಕ್ ತೆರೆಯುವ ಸದ್ದಾಯಿತು. ತಿರುಗಿ ನೋಡಿದರೆ ದಾವಲ ಬಗ್ಗಿ ಬರೆದುಕೊಳ್ಳುತ್ತಿದ್ದ. ಬರೆಯುತ್ತಲೇ, ಕತ್ತು ಎತ್ತದೆ, ಒಂದು ಸಲ ನುಂಗಿದ. ಅವನ ಗಂಟಲು ಏರಿ ಇಳಿದದ್ದು ನನಗೆ ಕಂಡಿತು. ನಾನು ಹಲಗೆಯ ಕಡೆ ತಿರುಗಿ ಮುಂದಿನ ಸಾಲು ಬರೆದೆ.